ಕೆರೆಯ ಕಥೆಯ ಕೊನೆಯ ಸಾಲು

ಕಳೆದ ಅಕ್ಟೋಬರ್‌ನ ಕೊನೆಯ ಭಾನುವಾರ ಬೆಳಗ್ಗೆ, ಜಯನಗರದ ನಮ್ಮ ರಸ್ತೆಯ ನಿವಾಸಿಗಳ ಸಂಘ ಸಭೆ ಸೇರಿ, ರಾಜ್ಯೋತ್ಸವಕ್ಕೆ ಮಕ್ಕಳಿಗೆ ತೋರಿಸಬೇಕೆಂದಿದ್ದ ಸಿನಿಮಾವನ್ನು ಕೈಬಿಟ್ಟಿತು. ಸಿನಿಮಾ ಇನ್ನೂ ಬಿಡುಗಡೆಯಾಗಿರಲಿಲ್ಲ. ಅದನ್ನು ನಿರ್ದೇಶಿಸಿದವಳು ನಮ್ಮ ಎದುರು ಮನೆಯಲ್ಲಿ ಬೆಳೆದ ಹುಡುಗಿ. ಕಥೆ ನನ್ನ ಅಮ್ಮನದು. ಸಭೆ ಕೊಟ್ಟ ಕಾರಣ ಒಂದೇ: ಮಕ್ಕಳು ಹೆದರುತ್ತಾರೆ.

ಸಭೆಯಲ್ಲಿ ನಾನೂ ಇದ್ದೆ, ಹಿಂದಿನ ಸಾಲಿನಲ್ಲಿ. ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವ ಕೆಲಸ ಮಾಡಿ ನಿವೃತ್ತಳಾದ ಮೇಲೂ ಹಿಂದಿನ ಸಾಲಿನಲ್ಲಿ ಕೂರುವ ಅಭ್ಯಾಸ ಹೋಗಿಲ್ಲ. ಸಂಘದ ಅಧ್ಯಕ್ಷರು ಈ ರಸ್ತೆಗೆ ಈಚೆಗೆ ಬಂದವರು, ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿ ಇಟ್ಟವರು, ಹಣೆ ತುಂಬ ವಿಭೂತಿ, ಮಾತು ಯಾವಾಗಲೂ ಮೈಕ್ ಇದ್ದ ಹಾಗೆ. ಅವರು ನನ್ನತ್ತ ತಿರುಗಿ ಹೇಳಿದರು.

“ಟ್ರೈಲರ್ ನೋಡಿದ್ರಾ ಮೇಡಂ? ನನ್ನ ಮೊಮ್ಮಗಳು ಅದನ್ನ ನೋಡಿದ ಮೇಲೆ ಬಾತ್‌ರೂಮಿಗೆ ಒಬ್ಬಳೇ ಹೋಗ್ತಿಲ್ಲ. ಅಜ್ಜಿ ಬಾಗಿಲ ಹತ್ರ ನಿಂತ್ಕೊಂಡು ವಚನ ಹೇಳ್ಬೇಕು.”

ಎಲ್ಲರೂ ನಕ್ಕರು. ಅಧ್ಯಕ್ಷರು ನಗಲಿಲ್ಲ.

“ಆ ಕಥೆ ನಂಗೆ ಬಾಯಿಪಾಠ. ನನ್ನ ಮಗಳಿಗೂ ಬಾಯಿಪಾಠ. ಕೊನೇಲಿ ತಾಯಿ ದೀಪ ಹಿಡ್ಕೊಂಡು ನಿಂತಿರ್ತಾಳೆ, ಇಬ್ಬರನ್ನೂ ಅಪ್ಪಿಕೊಳ್ತಾಳೆ. ಎಷ್ಟು ಚೆನ್ನಾಗಿದೆ! ಈ ಹುಡುಗಿ ಅದನ್ನ ದೆವ್ವದ ಪಿಕ್ಚರ್ ಮಾಡಿ ಇಟ್ಟಿದ್ದಾಳೆ. ನಿಮ್ಮ ತಾಯಿಯವರಿಗೆ ಬೇಜಾರಾಗಿರ್ಬೇಕು, ಅಲ್ವಾ?”

ಅವರನ್ನೇ ಕೇಳಬೇಕು ಎಂದೆ. ಸಭೆ ಮುಂದಿನ ವಿಷಯಕ್ಕೆ, ಕಸದ ಗಾಡಿ ಬರುವ ಹೊತ್ತಿಗೆ, ಹೋಯಿತು.

ಮನೆಗೆ ಬಂದಾಗ ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ಎಂಬತ್ತು ದಾಟಿದೆ. ಕಣ್ಣಿನ ನಡುಭಾಗ ಮಸುಕಾಗಿದೆ. ಎದುರಿಗಿದ್ದವರ ಮುಖ ಕಾಣುವುದಿಲ್ಲ, ಅವರ ಕಿವಿ, ಭುಜ ಕಾಣುತ್ತವೆ. ಸೊಪ್ಪನ್ನು ಬೆರಳಲ್ಲೇ ನೋಡುತ್ತಾಳೆ. ಸಭೆಯಲ್ಲಿ ನಡೆದದ್ದನ್ನು ವರದಿಯಂತೆ ಹೇಳಿದೆ.

“ಯಾರು ಹೆದರ್ತಾರಂತೆ?” ಎಂದಳು. “ಮಕ್ಕಳೋ, ಇವರೋ?”

*

ಕಥೆ ಗೊತ್ತಿಲ್ಲದವರಿಗಾಗಿ ಇಲ್ಲಿ ಹೇಳಬೇಕು. ಗೊತ್ತಿದೆ ಎಂದುಕೊಂಡವರಿಗೂ ಹೇಳಬೇಕು.

ಒಂದು ಊರು, ಊರಿಗೊಂದು ಕೆರೆ. ಕೆರೆಯ ತಳದಲ್ಲಿ ಇನ್ನೊಂದು ಊರು. ಅಲ್ಲಿ ಯಾರಿಗೂ ಹಸಿವಿಲ್ಲ, ಯಾರಿಗೂ ಏನೂ ನೆನಪಿಲ್ಲ, ಎಲ್ಲರೂ ಸದಾ ನಗುತ್ತಿರುತ್ತಾರೆ. ಒಂದು ಸಂಜೆ ಒಬ್ಬ ಹುಡುಗಿಯ ಪುಟ್ಟ ತಮ್ಮ ಕೆರೆಗೆ ಇಳಿದವನು ಮೇಲೆ ಬರುವುದಿಲ್ಲ. ಹುಡುಗಿ ಅವನನ್ನು ಹುಡುಕಿಕೊಂಡು ಕೆಳಗೆ ಹೋಗುತ್ತಾಳೆ. ಆ ಊರಿನ ಯಜಮಾನಿ ಕವಡೆ ಆಡುತ್ತ ಕೂತಿರುತ್ತಾಳೆ. ತಮ್ಮನನ್ನು ಕರೆದುಕೊಂಡು ಹೋಗು, ಆದರೆ ನಿನ್ನ ಹೆಸರನ್ನು ಇಲ್ಲಿ ಇಟ್ಟು ಹೋಗು ಅನ್ನುತ್ತಾಳೆ. ಹುಡುಗಿ ಒಪ್ಪುತ್ತಾಳೆ. ತನ್ನ ಹೆಸರನ್ನು ಬಾಯಿಂದ ತೆಗೆದು, ಹಲ್ಲು ಬಿದ್ದಾಗ ತೆಗೆಯುವ ಹಾಗೆ, ಯಜಮಾನಿಯ ಅಂಗೈಯಲ್ಲಿ ಇಡುತ್ತಾಳೆ. ತಮ್ಮನ ಕೈ ಹಿಡಿದು ಮೇಲೆ ಬರುತ್ತಾಳೆ. ದಡದ ಮೇಲೆ ತಾಯಿ ದೀಪ ಹಿಡಿದು ನಿಂತಿರುತ್ತಾಳೆ.

ಅಚ್ಚಾದ ಕಥೆ ಇಲ್ಲಿಗೆ ಮುಗಿಯಿತು.

ಅಮ್ಮ ಬರೆದ ಕಥೆ ಇಲ್ಲಿಗೆ ಮುಗಿದಿರಲಿಲ್ಲ. ಇನ್ನೂ ಒಂದು ಸಾಲಿತ್ತು. ತಾಯಿ ಮಗನನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ದೀಪವನ್ನು ಹುಡುಗಿಯ ಮುಖದ ಹತ್ತಿರ ತಂದು, ಪ್ರೀತಿಯಿಂದಲೇ ಕೇಳುತ್ತಾಳೆ: “ಪಾಪ, ನೀನು ಯಾರ ಮನೆ ಮಗು?”

ಈ ಸಾಲು ಎಲ್ಲಿ ಹೋಯಿತೆಂಬುದು ನನಗೆ ಗೊತ್ತಿದೆ. ಅದು ನನ್ನ ಕಸುಬಿನವರ ಕೆಲಸ. ಎಪ್ಪತ್ತರ ದಶಕದಲ್ಲಿ ಒಂದು ವಾರಪತ್ರಿಕೆಯ ಮಕ್ಕಳ ಪುಟಕ್ಕೆ ಅಮ್ಮ ಅಂಚೆಯಲ್ಲಿ ಕಥೆ ಕಳಿಸಿದ್ದಳು. ಪುಟ ಸಿದ್ಧವಾದ ಮೇಲೆ ಒಂದು ಹಲ್ಲುಪುಡಿಯ ಜಾಹೀರಾತು ಬಂತು. ಆಗ ಸೀಸದ ಮೊಳೆಗಳನ್ನು ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ. ಜಾಗ ಸಾಲದಿದ್ದರೆ ಕೆಳಗಿನಿಂದ ಸಾಲುಗಳನ್ನು ಎತ್ತಿ ಪಕ್ಕಕ್ಕಿಡುವುದು ಪತ್ರಿಕೆಗಳ ಪದ್ಧತಿ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲಿರುತ್ತದೆ, ಕೆಳಗೆ ಹೋದಷ್ಟೂ ಮಹತ್ವ ಕಡಿಮೆ. ಹಾಗಾಗಿ ಕೆಳಗಿನಿಂದ ಕತ್ತರಿಸಿದರೆ ಏನೂ ನಷ್ಟವಿಲ್ಲ. ನಾನು ಕೆಲಸಕ್ಕೆ ಸೇರಿದಾಗ, ಅದು ಬೇರೆ ಪತ್ರಿಕೆ, ಮೊದಲ ವಾರ ಕಲಿಸಿದ್ದೂ ಇದನ್ನೇ. ಪುಟ ಕಟ್ಟಿದವರು ಬರೀ ಸುದ್ದಿ ಕಟ್ಟಿ ಅಭ್ಯಾಸವಿದ್ದವರು. ಅವರು ಕಥೆಯನ್ನೂ ಸುದ್ದಿಯಂತೆಯೇ ಕತ್ತರಿಸಿದರು. ಓದಲಿಲ್ಲ, ಅಳತೆ ನೋಡಿದರು.

ಅಮ್ಮ ಪತ್ರಿಕೆಯ ಕಚೇರಿಗೆ ಹೋಗಿ ಕೇಳಿದಳಂತೆ. ಮಕ್ಕಳ ಪುಟ ನೋಡಿಕೊಳ್ಳುವವರು ಕುರ್ಚಿ ಕೊಟ್ಟು, ಕಾಫಿ ತರಿಸಿ, “ಚೆನ್ನಾಗೇ ಆಯ್ತಲ್ಲಮ್ಮ, ಸುಖಾಂತ ಆಯ್ತು” ಎಂದು ಕಳಿಸಿಕೊಟ್ಟರು.

ಮುಂದೆ ಕಥೆ ಒಂದು ಸಂಕಲನಕ್ಕೆ ಸೇರಿತು. ಅಲ್ಲಿಂದ ಶಾಲೆಗಳಲ್ಲಿ ಓದಿಸುವ ಪುಸ್ತಕಗಳಿಗೆ ಹೋಯಿತು. ದಾರಿಯಲ್ಲಿ ಯಾರೋ ಒಬ್ಬರು, ಯಾರೆಂದು ತಿಳಿದಿಲ್ಲ, ‘ತಾಯಿ ಇಬ್ಬರನ್ನೂ ಅಪ್ಪಿಕೊಂಡಳು’ ಎಂದು ಸೇರಿಸಿದರು. ಕೆಳಗೆ ಅಭ್ಯಾಸದ ಪ್ರಶ್ನೆಗಳೂ ಬಂದವು. ‘ತಾಯಿ ಏನನ್ನು ಹಿಡಿದು ನಿಂತಿದ್ದಳು?’ ಕರ್ನಾಟಕದಲ್ಲಿ ಒಂದು ತಲೆಮಾರಿನ ಮಕ್ಕಳು ‘ದೀಪ’ ಎಂದು ಬರೆದು ಅಂಕ ಪಡೆದಿದ್ದಾರೆ.

*

ಅಮ್ಮ ಅದನ್ನು ತಿದ್ದಲು ಮತ್ತೆ ಯಾರ ಬಳಿಯೂ ಹೋಗಲಿಲ್ಲ. ಬಾಯಲ್ಲಿ ಹೇಳತೊಡಗಿದಳು.

ತೊಂಬತ್ತರ ದಶಕದಲ್ಲಿ ಜಯನಗರದಲ್ಲಿ ಸಂಜೆ ಕರೆಂಟ್ ಹೋಗುತ್ತಿತ್ತು. ಹೋದ ಕೂಡಲೇ ರಸ್ತೆಯ ಮಕ್ಕಳೆಲ್ಲ ‘ಓ’ ಎಂದು ಕೂಗಿ ನಮ್ಮ ಮನೆಯ ಮುಂದಿನ ಮೆಟ್ಟಿಲಿಗೆ ಬರುತ್ತಿದ್ದರು. ಅಮ್ಮನನ್ನು ಅವರು ಕಥೆ ಆಂಟಿ ಅನ್ನುತ್ತಿದ್ದರು. ಅವಳು ಅದೇ ಕಥೆಯನ್ನು ಹೇಳುತ್ತಿದ್ದಳು, ಮಕ್ಕಳು ಅದನ್ನೇ ಕೇಳುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ಯಾರಾದರೂ ಒಬ್ಬ ಪುಟ್ಟವಳು ಅಮ್ಮನ ಸೀರೆಯ ಸೆರಗು ಹಿಡಿದುಕೊಳ್ಳುತ್ತಿದ್ದಳು. ಕಥೆ ಮುಗಿದ ಮೇಲೆ ಕರೆಂಟ್ ಬಂದರೆ ಎಲ್ಲ ಓಡಿಹೋಗುತ್ತಿದ್ದರು, ಮುಗಿಯುವ ಮೊದಲೇ ಬಂದರೆ ಒಬ್ಬರೂ ಏಳುತ್ತಿರಲಿಲ್ಲ. ಹೀಗಾಗಿ ರಾಜ್ಯದ ಮಕ್ಕಳಿಗೆಲ್ಲ ಒಂದು ಕೊನೆ ಗೊತ್ತಿತ್ತು, ನಮ್ಮ ರಸ್ತೆಯ ಮಕ್ಕಳಿಗೆ ಇನ್ನೊಂದು.

ಎದುರು ಮನೆಯ ಹುಡುಗಿ ಮೇಲಿನ ಮೆಟ್ಟಿಲಿನವಳು. ಅಲ್ಲಿ ಕೂರಲು ಜಗಳವಾಡುತ್ತಿದ್ದಳು. ಐದನೇ ಕ್ಲಾಸಿನ ಪರೀಕ್ಷೆಯಲ್ಲಿ ‘ಕೊನೆಯಲ್ಲಿ ತಾಯಿ ಏನು ಮಾಡಿದಳು?’ ಎಂಬ ಪ್ರಶ್ನೆಗೆ ಅವಳು ‘ಯಾರ ಮನೆ ಮಗು ಎಂದು ಕೇಳಿದಳು’ ಎಂದು ಬರೆದಳು. ಮಿಸ್ ಕೆಂಪು ಗೀಟು ಎಳೆದರು. ಅವಳು ಒಪ್ಪಲಿಲ್ಲ. ಪುಸ್ತಕ ತಪ್ಪು, ಕಥೆ ಆಂಟಿ ನಮ್ಮ ಎದುರು ಮನೆಯಲ್ಲೇ ಇದ್ದಾರೆ, ಬೇಕಾದರೆ ಕರೆದುಕೊಂಡು ಬರುತ್ತೇನೆ ಎಂದು ವಾದಿಸಿದಳು. ಅವಳ ಅಪ್ಪನನ್ನು ಶಾಲೆಗೆ ಕರೆಸಿದರು. ಅಂಕ ಸಿಗಲಿಲ್ಲ.

ಅವಳು ದೊಡ್ಡವಳಾಗಿ ಜಾಹೀರಾತು ಚಿತ್ರಗಳಲ್ಲಿ ಕೆಲಸ ಮಾಡಿದಳು. ಬಿಟಿಎಂ ಲೇಔಟಿನಲ್ಲಿ ಸ್ನೇಹಿತೆಯರ ಜೊತೆ ಫ್ಲಾಟ್ ಮಾಡಿದಳು. ಮೂರ್ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಂದು, ಒಳಗೆ ಕೂರದೆ ಮೆಟ್ಟಿಲಿನಲ್ಲೇ ಕೂತಳು. ಅಮ್ಮ ಹೊರಗೆ ಬಂದಳು.

“ಆಂಟಿ, ಸಿನಿಮಾ ಮಾಡ್ತೀನಿ ಅಂತ ಇದ್ದೀನಿ. ನಿಮ್ಮ ಕೆರೆ ಕಥೆ.”

“ಅದು ಪುಸ್ತಕದಲ್ಲಿ ಇದೆಯಲ್ಲ, ಮಾಡ್ಕೋ.”

“ಪುಸ್ತಕದ್ದು ಮಾಡಲ್ಲ ಆಂಟಿ. ಮೆಟ್ಟಿಲಿಂದು ಮಾಡ್ತೀನಿ.”

ಅಮ್ಮ “ಊಟ ಆಯ್ತಾ?” ಎಂದು ಕೇಳಿದಳು. ಅದು ಅವಳ ಒಪ್ಪಿಗೆ.

ಕನಕಪುರ ರಸ್ತೆಯ ಆಚೆ, ನೀರು ತುಂಬಿದ ಹಳೆಯ ಕಲ್ಲುಗಣಿಯೊಂದರಲ್ಲಿ ಕೆರೆಯ ದೃಶ್ಯ ತೆಗೆದರು. ಮನೆಯ ದೃಶ್ಯಗಳು ವಸಂತಪುರದಲ್ಲಿ. ನಾನು ಒಂದು ದಿನ ನೋಡಲು ಹೋಗಿದ್ದೆ. ಭೂತವಿಲ್ಲ, ರಕ್ತವಿಲ್ಲ. ಕೆರೆಯ ತಳದ ಊರಿನವರೆಲ್ಲ ನಮ್ಮ ನಿಮ್ಮಂತೆ ಇದ್ದರು. ನೈಟಿ ಹಾಕಿಕೊಂಡವರು, ಬನಿಯನ್ ಹಾಕಿಕೊಂಡವರು. ಆದರೆ ನಗುತ್ತಿದ್ದರು, ಮತ್ತು ಯಾರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅಧ್ಯಕ್ಷರ ಮೊಮ್ಮಗಳು ಹೆದರಿದ್ದು ಇದಕ್ಕೇ.

*

ಟ್ರೈಲರ್ ಬಂದ ಮೇಲೆ ‘ಮಕ್ಕಳ ಮೆಚ್ಚಿನ ಕಥೆಯನ್ನು ಕತ್ತಲು ಮಾಡಿದ್ದಾರೆ’ ಎಂಬ ಮಾತು ಎಲ್ಲೆಡೆ ಹರಡಿತು. ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಅಮ್ಮನಿಗೆ ಸಾಂತ್ವನ ಹೇಳಿದರು. ಇನ್ನೊಬ್ಬರು ಕೈಮುಗಿದ ಚಿತ್ರ ಹಾಕಿದರು, ಯಾರೋ ತೀರಿಕೊಂಡ ಹಾಗೆ. ಸಂಘ ತನ್ನ ತೀರ್ಮಾನ ತೆಗೆದುಕೊಂಡ ಎರಡು ದಿನಕ್ಕೆ ಸಿನಿಮಾದ ನಿರ್ಮಾಪಕರು ನಮ್ಮ ಮನೆಗೆ ಬಂದರು.

ಅವರು ಬನಶಂಕರಿಯವರು, ಒಳ್ಳೆಯ ಮನುಷ್ಯ. ಹೂವು, ಹಣ್ಣು ತಂದಿದ್ದರು, ಅಮ್ಮನ ಕಾಲಿಗೆ ನಮಸ್ಕರಿಸಿದರು. ನಿರ್ದೇಶಕಿಯೂ ಜೊತೆಗಿದ್ದಳು, ಗೋಡೆ ನೋಡುತ್ತ ಕೂತಿದ್ದಳು. ವಿಷಯ ಇಷ್ಟು: ಕಥೆಯ ಕೊನೆಯನ್ನು ಬದಲಿಸಬೇಕಾದರೆ ಬರೆದವರ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತನ್ನು ನಿರ್ದೇಶಕಿ ಮೊದಲೇ ಕರಾರಿನಲ್ಲಿ ಹಾಕಿಸಿದ್ದಳು. ಈಗ ನಿರ್ಮಾಪಕರಿಗೆ ಆ ಒಪ್ಪಿಗೆ ಬೇಕಿತ್ತು. ಅಮ್ಮ ಸಹಿ ಹಾಕಿದರೆ ಹೊಸ ಕೊನೆಯೊಂದಿಗೆ ಸಿನಿಮಾ ಬಿಡುಗಡೆಯಾಗುತ್ತದೆ. ಹಾಕದಿದ್ದರೆ ಬಿಡುಗಡೆಯೇ ಆಗದಿರಬಹುದು. ಅದು ಅವಳ ಮೊದಲ ಸಿನಿಮಾ.

“ಒಂದೇ ಒಂದು ಶಾಟ್ ಅಮ್ಮ,” ಎಂದರು ನಿರ್ಮಾಪಕರು. “ತಾಯಿ ದೀಪ ಕೆಳಗಿಡ್ತಾಳೆ, ಇಬ್ಬರನ್ನೂ ತಬ್ಕೊಳ್ತಾಳೆ. ಅಷ್ಟೇ. ಮಿಕ್ಕಿದ್ದೆಲ್ಲ ಹಾಗೇ ಇರತ್ತೆ.”

“ಹಂಗಾದ್ರೆ ಹೆಸರು?”

“ಯಾವ ಹೆಸರಮ್ಮ?”

“ಕೆರೆ ಕೆಳಗೆ ಕೊಟ್ಟು ಬಂದ್ಲಲ್ಲ, ಆ ಹೆಸರು. ಅದನ್ನ ಯಾರು ವಾಪಸ್ ತಂದ್ಕೊಟ್ರು?”

ನಿರ್ಮಾಪಕರು ನಿರ್ದೇಶಕಿಯತ್ತ ನೋಡಿದರು. ಅವಳು ಗೋಡೆಯನ್ನೇ ನೋಡುತ್ತಿದ್ದಳು.

“ಅದೂ… ತಾಯಿ ಪ್ರೀತಿ ಅಮ್ಮ. ಪ್ರೀತಿ ಮುಂದೆ ಅದೆಲ್ಲ ನಿಲ್ಲಲ್ಲ.”

“ತಾಯಿ ಪ್ರೀತೀಲೇ ಆಗೋ ಹಾಗಿದ್ರೆ ಆ ಹುಡುಗಿ ನೀರಿಗೆ ಇಳಿಯೋದೇ ಬೇಕಿರ್ಲಿಲ್ಲ. ತಾಯಿ ದಡದಲ್ಲಿ ನಿಂತು ಕೂಗಿದ್ರೆ ಸಾಕಿತ್ತು, ಹುಡುಗ ಎದ್ದು ಬರೋನು.”

“ಅಮ್ಮ, ನಾನು ನಿಮ್ಮ ಮಗನ ಹಾಗೆ ಅನ್ಕೊಳ್ಳಿ. ಥಿಯೇಟರ್‌ನೋರು ಕೇಳಲ್ಲ. ಮಕ್ಕಳ ಕಥೆ ಅಂತ ಬೋರ್ಡ್ ಹಾಕಿ ಮಕ್ಕಳನ್ನೇ ಅಳಿಸಿದ್ರೆ ಯಾರು ಟಿಕೆಟ್ ತಗೊಳ್ತಾರೆ? ಮಕ್ಕಳಿಗೆ ಕತ್ತಲೆ ತೋರಿಸ್ಬಾರ್ದು ಅಂತಾರೆ.”

“ಕರೆಂಟ್ ಹೋದಾಗ ಇವಳು ಇಲ್ಲೇ ಕೂತು ಕೇಳಿದ್ಲು. ಸತ್ತೋದ್ಲಾ?” ಅಮ್ಮ ನಿರ್ದೇಶಕಿ ಕೂತಿದ್ದ ಕಡೆ ಗದ್ದ ಎತ್ತಿ ತೋರಿಸಿದಳು. “ನಿಮ್ಮ ಕೈಲೇ ದುಡ್ಡು ಹಾಕಿಸ್ಕೊಂಡು ಪಿಕ್ಚರ್ ತೆಗೆಯೋ ಅಷ್ಟು ಗಟ್ಟಿ ಆಗಿದ್ದಾಳೆ.”

ನಿರ್ಮಾಪಕರಿಗೆ ನಗು ಬಂತು, ತಡೆದುಕೊಂಡರು. ಅಷ್ಟರಲ್ಲಿ ಫೋನ್ ಬಂದು ವರಾಂಡಕ್ಕೆ ಹೋದರು. ನಿರ್ದೇಶಕಿ ಆಗ ಮೊದಲ ಬಾರಿ ಬಾಯಿಬಿಟ್ಟಳು.

“ಆಂಟಿ, ನೀವು ಸೈನ್ ಮಾಡಿದ್ರೂ ನಾನು ಬೇಜಾರ್ ಮಾಡ್ಕೊಳಲ್ಲ.”

“ಮಾಡ್ಕೋಬೇಕು ಕಣೆ. ಮಾಡ್ಕೊಳ್ಳದಿದ್ರೆ ಈ ಸಿನಿಮಾ ಯಾಕೆ ತೆಗ್ದೆ?”

ಸಹಿ ಆಗಲಿಲ್ಲ. ಯೋಚನೆ ಮಾಡಿ ಎಂದು ಹೇಳಿ, ಕಾಗದವನ್ನು ಟೀಪಾಯಿಯ ಮೇಲೆ ಬಿಟ್ಟು, ಅವರು ಹೊರಟರು. ಸಂಜೆ ನಾನೇ ಒಂದು ಸಲಹೆ ಕೊಟ್ಟೆ. ಎರಡೂ ಕೊನೆ ಇರಲಿ, ಥಿಯೇಟರಿಗೆ ಒಂದು, ಫೋನಿನಲ್ಲಿ ನೋಡುವವರಿಗೆ ಇನ್ನೊಂದು. ಆಗ ಆ ಹುಡುಗಿಯ ಸಿನಿಮಾವೂ ಉಳಿಯುತ್ತದೆ.

“ನೀನು ಡೆಸ್ಕಿನವಳು,” ಎಂದಳು ಅಮ್ಮ. “ಜಾಗ ನೋಡ್ಕೊಂಡು ಮಾತಾಡ್ತೀಯ.”

ಕಾಗದದ ಮೇಲೆ ಮಜ್ಜಿಗೆ ಪಾತ್ರೆ ಇಟ್ಟಳು. ಅದು ಅಲ್ಲೇ ಒಂದು ವಾರ ಇತ್ತು.

ಇಲ್ಲಿ ಒಂದು ಸಂಗತಿ ದಾಖಲಿಸಬೇಕು. ಅಮ್ಮನ ತವರಿನಲ್ಲಿ ಇಟ್ಟ ಹೆಸರು ಬೇರೆ. ಮದುವೆಯ ದಿನ ಅತ್ತೆಯ ಮನೆಯವರು ಅದನ್ನು ಬದಲಿಸಿದರು. ಆಗ ಅನೇಕ ಮನೆಗಳಲ್ಲಿ ಅದು ವಾಡಿಕೆ. ಹಳೆಯ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವರು ಈಗ ಯಾರೂ ಇಲ್ಲ. ಮದುವೆಯಾಗಿ ಕೆಲವು ವರ್ಷದ ಮೇಲೆ ತವರಿಗೆ ಹೋಗಿದ್ದಾಗ, ಪಕ್ಕದ ಮನೆಯ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತಿದ್ದ ಅವಳನ್ನು ನೋಡಿ ಯಾರ ಮನೆಯವಳಮ್ಮ ಎಂದು ಕೇಳಿದಳಂತೆ. ಕಥೆ ಬರೆದದ್ದು ಅದಾದ ವರ್ಷ. ಆ ಹುಡುಗಿ ನೀನೇನಾ ಎಂದು ನಾನು ಒಮ್ಮೆ ಕೇಳಿದ್ದೆ. “ನನಗೆ ಈಜು ಬರಲ್ಲ” ಎಂದಿದ್ದಳು.

*

ಸಿನಿಮಾ ಕೈಬಿಟ್ಟರೂ, ಅದೇ ಸಂಜೆಗೆ ಇಟ್ಟುಕೊಂಡಿದ್ದ ಅಮ್ಮನ ಸನ್ಮಾನವನ್ನು ಸಂಘ ಕೈಬಿಡಲಿಲ್ಲ. ಆಹ್ವಾನ ಪತ್ರಿಕೆ ಅಚ್ಚಾಗಿತ್ತು. ಸಿನಿಮಾದ ಜಾಗದಲ್ಲಿ ‘ಕಥೆ ಹೇಳುವ ಕಾರ್ಯಕ್ರಮ’ ಬಂತು. ಹಿಂದಿನ ದಿನ ಅಧ್ಯಕ್ಷರು ಮನೆಗೆ ಬಂದು ಹೇಳಿದರು.

“ಅಮ್ಮಾವ್ರೇ, ನೀವೇ ನಿಮ್ಮ ಬಾಯಿಂದ ಆ ಕಥೆ ಹೇಳಿದ್ರೆ ಎಲ್ಲ ಸರಿಹೋಗತ್ತೆ. ಜನಕ್ಕೆ ಗೊತ್ತಾಗತ್ತೆ, ಒರಿಜಿನಲ್ ಯಾವುದು, ಇವರು ಕೆಡಿಸಿರೋದು ಯಾವುದು ಅಂತ. ಪುಸ್ತಕದಲ್ಲಿ ಇರೋ ಹಾಗೆ ಹೇಳಿಬಿಡಿ. ಮೇಡಂ, ನೀವೂ ಪೇಪರಿನಲ್ಲಿ ನಾಲ್ಕು ಸಾಲು ಬರೀಬಹುದು.”

ಅಮ್ಮನ ವಿಷಯ ನಾನು ಬರೆಯುವುದಿಲ್ಲ ಎಂದೆ. ಡೆಸ್ಕಿನಲ್ಲಿ ಅದು ನಿಯಮ. ಅಮ್ಮ ಮಾತ್ರ ಹೀಗೆಂದಳು: “ಕಥೆ ತಾನೇ? ಯಾವತ್ತೂ ಹೇಳೋ ಹಾಗೇ ಹೇಳ್ತೀನಿ.”

ಅಧ್ಯಕ್ಷರು ಸಂತೋಷದಿಂದ ಹೋದರು.

ರಾಜ್ಯೋತ್ಸವದ ಸಂಜೆ ರಸ್ತೆಯ ಒಂದು ತುದಿಯನ್ನು ಮುಚ್ಚಿ ಶಾಮಿಯಾನ ಹಾಕಿದ್ದರು. ಕೆಂಪು ಹಳದಿ ಬಾವುಟ, ಬಾಡಿಗೆಯ ಕುರ್ಚಿಗಳು, ಮುಂದೆ ಮಕ್ಕಳಿಗೆ ಜಮಖಾನ. ಸ್ಪೀಕರ್ ‘ಹಲೋ ಹಲೋ ಚೆಕ್’ ಎಂದು ಕೂಗುತ್ತಿತ್ತು. ಅಮ್ಮನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಕಿವಿಯ ಮೇಲೆ ಕೂತಿತು. “ಇದನ್ನ ತೆಗೀರಿ, ನನಗೆ ಕೇಳಿಸಲ್ಲ” ಎಂದಳು. ಮೈಕ್ ಕೊಟ್ಟರು.

ಅಮ್ಮ ಹೇಳಿದಳು. ಅವಳ ದನಿ ಈಗ ಸಣ್ಣದಾಗಿದೆ, ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಮರೆತಿಲ್ಲ. ಹುಡುಗ ನೀರಿಗೆ ಇಳಿದ. ಹುಡುಗಿ ಕೆಳಗೆ ಹೋದಳು. ಯಜಮಾನಿ ಕವಡೆ ಚೆಲ್ಲಿದಳು. ಹೆಸರನ್ನು ಬಾಯಿಂದ ತೆಗೆದುಕೊಡುವ ಜಾಗದಲ್ಲಿ ಜಮಖಾನದ ಮೇಲಿದ್ದ ಮಕ್ಕಳು ತಮ್ಮ ತಮ್ಮ ಹಲ್ಲು ಮುಟ್ಟಿ ನೋಡಿಕೊಂಡರು. ತಮ್ಮನ ಕೈ ಹಿಡಿದು ಮೇಲೆ ಬಂದಳು.

“ದಡದ ಮೇಲೆ ತಾಯಿ ದೀಪ ಹಿಡ್ಕೊಂಡು ನಿಂತಿದ್ಲು,” ಎಂದು ಅಮ್ಮ ನಿಲ್ಲಿಸಿದಳು.

ಕುರ್ಚಿಗಳಲ್ಲಿದ್ದ ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಎದ್ದು ನಿಂತು ತಟ್ಟಿದರು. ಕಥೆ ಅಲ್ಲಿಗೆ ಮುಗಿಯುತ್ತದೆಂದು ಅವರಿಗೆಲ್ಲ ಗೊತ್ತಿತ್ತು. ಮಕ್ಕಳು ತಟ್ಟಲಿಲ್ಲ.

“ಇನ್ನೂ ಮುಗಿದಿಲ್ಲ,” ಎಂದಳು ಅಮ್ಮ ಮೈಕಿನಲ್ಲಿ. “ಕೂತ್ಕೊಳ್ಳಿ.”

ಅಧ್ಯಕ್ಷರು ಕೂತರು.

“ತಾಯಿ ಮಗನ್ನ ಎತ್ಕೊಂಡ್ಲು. ಸೊಂಟದ ಮೇಲೆ ಕೂರಿಸ್ಕೊಂಡ್ಲು. ದೀಪ ಮೇಲೆತ್ತಿ ಹುಡುಗಿ ಮುಖ ನೋಡಿದ್ಲು. ಎಷ್ಟು ಪ್ರೀತಿಯಿಂದ ಕೇಳಿದ್ಲು ಗೊತ್ತಾ? ಪಾಪ, ನೀನು ಯಾರ ಮನೆ ಮಗು?”

ಬಲಗಡೆ ಒಂದು ಮಗು ಅಳತೊಡಗಿತು, ಅದರ ತಾಯಿ ಎತ್ತಿಕೊಂಡು ಹೋದರು. ಹೋಗುವಾಗ ವೇದಿಕೆಯತ್ತ ನೋಡಿದ ನೋಟವನ್ನು ನಾನು ಕಂಡೆ. ಇನ್ನೊಂದು ಮಗುವೂ ಅತ್ತಿತು, ಆದರೆ ಹೋಗಲು ಒಪ್ಪಲಿಲ್ಲ. ಆಮೇಲೆ ಜಮಖಾನದಲ್ಲಿ ಗಲಾಟೆ ಶುರುವಾಯಿತು.

“ಅವಳು ‘ಅಮ್ಮಾ, ನಾನೇ’ ಅಂತ ಹೇಳ್ಬೇಕಿತ್ತು!”

“ನಾನು ಅಂದ್ರೆ ಯಾರು? ಹೆಸರೇ ಇಲ್ವಲ್ಲೋ!”

“ಆಧಾರ್ ಕಾರ್ಡ್ ತೋರಿಸ್ಬೇಕಿತ್ತು.”

“ಆಧಾರ್‌ನಲ್ಲೂ ಹೆಸರು ಅಳಿಸಿಹೋಗಿರತ್ತೆ ಮಗಾ.”

“ಫೋಟೋ ಇರತ್ತಲ್ಲ!”

“ಆಧಾರ್ ಫೋಟೋ ನೋಡಿ ನಮ್ಮಮ್ಮನಿಗೆ ನಾನೇ ಗೊತ್ತಾಗಲ್ಲ.”

ಕುರ್ಚಿಗಳಲ್ಲಿದ್ದವರು ನಗಬೇಕೋ ಬೇಡವೋ ತಿಳಿಯದೆ ಕೂತಿದ್ದರು. ಅಮ್ಮ ಮೈಕ್ ಹಿಡಿದು ಕಾಯುತ್ತಿದ್ದಳು. ಆಗ ಅಧ್ಯಕ್ಷರ ಮೊಮ್ಮಗಳು, ಬಾತ್‌ರೂಮಿಗೆ ಒಬ್ಬಳೇ ಹೋಗದವಳು, ಎದ್ದು ನಿಂತಳು.

“ಅಜ್ಜಿ, ನಾನಾಗಿದ್ರೆ ಆ ಮನೆಗೇ ಹೋಗ್ತಿದ್ದೆ.”

“ಹೋಗಿ ಏನ್ ಮಾಡ್ತಿದ್ದೆ ಪುಟ್ಟಿ?”

“ಊಟ ಕೇಳ್ತಿದ್ದೆ. ಆಮೇಲೆ ದಿನಾ ಹೋಗ್ತಿದ್ದೆ. ದಿನಾ ಹೋದ್ರೆ ಪರಿಚಯ ಆಗತ್ತೆ.”

“ಹೆಸರೇನು ಅಂತ ಕೇಳಿದ್ರೆ?”

ಮಗು ಯೋಚಿಸಿತು. “ಹೊಸದು ಇಟ್ಕೊಳ್ತೀನಿ.”

“ಹೂಂ,” ಎಂದಳು ಅಮ್ಮ. “ಅದೂ ಆಗತ್ತೆ.”

ಮೈಕ್ ವಾಪಸ್ ಕೊಟ್ಟಳು.

ಕಾರ್ಯಕ್ರಮ ಮುಗಿದ ಮೇಲೆ ಅಧ್ಯಕ್ಷರು ನಮ್ಮ ಗೇಟಿನವರೆಗೆ ಬಂದರು. ಮುಖ ಕೆಂಪಾಗಿತ್ತು.

“ನೀವು ಮಾಡಿದ್ದು ಸರಿಯಲ್ಲ ಅಮ್ಮಾವ್ರೇ. ನಂಬಿ ಮೈಕ್ ಕೊಟ್ಟೆ. ನಿಮ್ಮ ಕಥೇನ ನೀವೇ ಬದಲಾಯಿಸಿದ್ರಲ್ಲ?”

“ನಾನು ಬದಲಾಯಿಸಲಿಲ್ಲಪ್ಪ. ನೀವು ಓದಿದ್ದು ಅರ್ಧ. ಮಿಕ್ಕಿದ್ದರ ಜಾಗದಲ್ಲಿ ಹಲ್ಲುಪುಡಿ ಇತ್ತು.”

ಅವರು ನನ್ನ ಮುಖ ನೋಡಿದರು. ನಾನು ಪುಟ ಕಟ್ಟುವ ವಿಷಯವನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದರು, ಒಪ್ಪಲಿಲ್ಲ.

“ಏನೇ ಇರ್ಲಿ. ಅಪ್ಪಿಕೊಳ್ಳೋದೇ ಚೆನ್ನಾಗಿತ್ತು. ನನ್ನ ಮಗಳಿಗೆ ಜ್ವರ ಬಂದಾಗೆಲ್ಲ ಅದನ್ನೇ ಓದಿ ಹೇಳಿದ್ದೀನಿ. ಈಗ ಅದು ಸುಳ್ಳು ಅಂದ್ರೆ?”

ಅಮ್ಮ ಹೇಳಿದಳು: “ನೀವು ಅಪ್ಪಿಕೊಂಡಿದ್ದು ಸುಳ್ಳಲ್ಲ. ಆದ್ರೆ ಅದು ನಿಮ್ಮ ಮನೆ ಕಥೆ. ಇದು ನಂದು. ಇದರ ಮೇಲೆ ಇನ್ನೊಬ್ರು ಕೈ ಹಾಕೋಕೆ ನಾನು ಬಿಡಲ್ಲ. ಸನ್ಮಾನ ವಾಪಸ್ ಬೇಕಾದ್ರೆ ತಗೊಳ್ಳಿ, ಶಾಲು ಇಲ್ಲೇ ಇದೆ. ಹಣ್ಣು ಮಾತ್ರ ಮಕ್ಕಳಿಗೆ ಹಂಚಿಬಿಟ್ಟೆ.”

ಅವರು ಶಾಲು ತೆಗೆದುಕೊಳ್ಳಲಿಲ್ಲ. ಶರಣು ಎಂದು ಕೈಮುಗಿದು ಹೋದರು.

*

ಜಮಖಾನದ ಗಲಾಟೆಯನ್ನು ಯಾರೋ ಫೋನಿನಲ್ಲಿ ತೆಗೆದಿದ್ದರು. ಆಧಾರ್ ಕಾರ್ಡಿನ ಮಾತು ಬಹಳ ಕಡೆ ಓಡಾಡಿತು. ಅಮ್ಮನನ್ನು ಬೈದವರೂ ಇದ್ದರು. ವಯಸ್ಸಾದವರನ್ನು ಸಿನಿಮಾದವರು ಬಳಸಿಕೊಂಡಿದ್ದಾರೆ ಎಂದು ಕೆಲವರು ಬರೆದರು. ಅದನ್ನು ಓದಿ ಹೇಳಿದಾಗ ಅಮ್ಮ, “ಯಾರು ಯಾರನ್ನ ಬಳಸ್ಕೊಂಡ್ರು ಅಂತ ಆ ನಿರ್ಮಾಪಕರನ್ನ ಕೇಳು” ಎಂದಳು.

ನಿರ್ಮಾಪಕರು ಡಿಸೆಂಬರಿನಲ್ಲಿ ಫೋನ್ ಮಾಡಿದರು. ನಾನು ಸ್ಪೀಕರಿಗೆ ಹಾಕಿದೆ.

“ಅಮ್ಮ, ಕಾಗದ?”

“ಮಜ್ಜಿಗೆ ಚೆಲ್ಲಿತು.”

“ಇನ್ನೊಂದು ಕಳಿಸ್ಲಾ?”

“ಮಜ್ಜಿಗೆ ದಿನಾ ಮಾಡ್ತೀವಪ್ಪ.”

ಅವರು ನಿಟ್ಟುಸಿರಿನ ಜೊತೆಗೇ ನಕ್ಕರು. “ಆಯ್ತು ಬಿಡಿ. ನನ್ನ ಹೆಂಡತಿಯೂ ನಿಮ್ಮ ಪಾರ್ಟಿ ಆಗಿದ್ದಾಳೆ. ದೊಡ್ಡ ರಿಲೀಸ್ ಆಗಲ್ಲ, ಹೇಳಿಬಿಡ್ತೀನಿ. ಬೆಳಗಿನ ಆಟ ಸಿಕ್ಕಿದ ಕಡೆ ಹಾಕ್ತೀನಿ. ಆಮೇಲೆ ನಷ್ಟ ಆಯ್ತು ಅಂದ್ರೆ ನಿಮ್ಮ ಮೆಟ್ಟಿಲಿಗೇ ಬಂದು ಕೂರ್ತೀನಿ.”

“ಬನ್ನಿ. ಮೇಲಿನ ಮೆಟ್ಟಿಲು ಮಾತ್ರ ನಿಮ್ಮ ಡೈರೆಕ್ಟರ್‌ದು.”

ಫೆಬ್ರವರಿಯ ಒಂದು ಶುಕ್ರವಾರ ಸಿನಿಮಾ ಬಿಡುಗಡೆಯಾಯಿತು. ಮಕ್ಕಳು ದೊಡ್ಡವರ ಜೊತೆಗೇ ನೋಡಬೇಕೆಂದು ಪೋಸ್ಟರಿನಲ್ಲಿ ಇತ್ತು. ಜೆ.ಪಿ. ನಗರದ ಬೆಳಗಿನ ಆಟಕ್ಕೆ ಅಮ್ಮ, ನಿರ್ದೇಶಕಿ, ನಾನು ಹೋದೆವು. ಹಾಲ್ ತುಂಬಿರಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು ಕೂತಳು. ಕಾಣದ್ದಕ್ಕೆ ಯಾಕೆ ಕಣ್ಣು ಬಿಡಬೇಕು ಎಂಬುದು ಅವಳ ವಾದ. ಕೆರೆಯ ತಳದ ಊರು ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಮಗುವನ್ನು ಹೊರಗೆ ಕರೆದುಕೊಂಡು ಹೋದರು. ನಮ್ಮ ರಸ್ತೆಯ ಅಧ್ಯಕ್ಷರು ಬಂದಿರಲಿಲ್ಲ. ಅವರ ಮಗಳು ಬಂದಿದ್ದರು, ಪಕ್ಕದಲ್ಲಿ ಮೊಮ್ಮಗಳು. ಕೊನೆಯ ಮಾತಿಗೆ ಮೊದಲು ತೆರೆಯ ಮೇಲೆ ದೀಪವೊಂದೇ ಉಳಿಯುತ್ತದೆ. ಅಮ್ಮ ನಿರ್ದೇಶಕಿಯ ಕೈಯನ್ನು ತಡಕಿ ಹಿಡಿದುಕೊಂಡಳು. ಮಾತು ಬಂತು, ಪೂರ್ತಿ ಬಂತು. ದೀಪಗಳು ಹತ್ತಿದ ಮೇಲೆ ಅಮ್ಮ ಕೇಳಿದಳು.

“ನಿನಗೆ ಆ ಪರೀಕ್ಷೇಲಿ ಎಷ್ಟು ಅಂಕ ಹೋಯ್ತು?”

“ಎರಡು, ಆಂಟಿ.”

“ನಡಿ, ದೋಸೆ ಕೊಡಿಸ್ತೀನಿ.”

ಸಿನಿಮಾ ಎರಡನೇ ವಾರಕ್ಕೆ ಜೆ.ಪಿ. ನಗರದ ಒಂದೇ ಪರದೆಯಲ್ಲಿ ಉಳಿದಿದೆ, ಬೆಳಗಿನ ಒಂದು ಆಟ. ಕೊನೆಯ ಸಾಲು ಇದೆ.